ಆಷಾಢದಲ್ಲಿ ಬ್ಯಾಂಡ್ ಮೇಷ್ಟ್ರ ಊರಿಗೆ

ನಾಲ್ಕು ದಿನವಾಯಿತು, ಬಲಗೈಯ ಹುಣಸೆಹಣ್ಣಿನ ವಾಸನೆ ಹೋಗಿಲ್ಲ. ಬರೀ ಹುಣಸೆಯದಾದರೆ ಅಡುಗೆಮನೆಯದು ಎಂದು ಸುಮ್ಮನಿರಬಹುದಿತ್ತು. ಇದು ಹುಣಸೆಯೂ ಹಿತ್ತಾಳೆಯೂ ಬೆರೆತದ್ದು, ಹುಳಿಯಾಗಿ, ಒಗರಾಗಿ, ಹಳೇ ಬೀಗದಕೈ ಹಿಡಿದ ಅಂಗೈಯ ಹಾಗೆ. ಆಫೀಸಿನಲ್ಲಿ ಫೈಲು ತಿರುವಿದಾಗಲೆಲ್ಲ ಮೂಗಿಗೆ ಬಡಿಯುತ್ತದೆ. ಪಕ್ಕದ ಟೇಬಲ್ಲಿನವಳು, "ಏನ್ ಮೇಡಂ, ದೇವರ ಸಾಮಾನು ತೊಳೆದ್ರಾ?" ಎಂದಳು. "ಇಲ್ಲಮ್ಮ, ತವರಿಗೆ ಹೋಗಿದ್ದೆ" ಎಂದೆ. ನನ್ನ ತವರು ಇದೇ ನಂಜನಗೂಡಿನಲ್ಲಿ, ನನ್ನ ಮನೆಯಿಂದ ಎರಡು ಬೀದಿ ಆಚೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತು. ಇವಳಿಗೇನೋ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಅಂದುಕೊಳ್ಳಲಿ ಬಿಡಿ. ನನಗೆ ಎರಡು ತವರು. ಎರಡನೆಯದು ಟಿ. ನರಸೀಪುರ ದಾಟಿ ಹೆಮ್ಮಿಗೆ ಕಡೆಗಿರುವ ಒಂದು ಊರು. ಅದನ್ನು ನನಗೆ ಕೊಟ್ಟವರು ಒಬ್ಬ ಬ್ಯಾಂಡ್ ಮೇಷ್ಟ್ರು.

ನಾನು ಹುಟ್ಟಿ ಬೆಳೆದ ಮನೆಗೂ ಪಕ್ಕದ ಕಲ್ಯಾಣ ಮಂಟಪಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ನಮ್ಮ ಅಡುಗೆಮನೆಯ ಕಿಟಕಿ ಅವರ ಅಂಗಳಕ್ಕೆ ತೆರೆದುಕೊಳ್ಳುತ್ತಿತ್ತು. ಲಗ್ನದ ತಿಂಗಳುಗಳಲ್ಲಿ ನಾನು ಓದಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಕಣ್ಣು ಮುಚ್ಚಿಕೊಂಡು, ಮೊದಲ ಉಸಿರು ಊದಿದ ಕೂಡಲೇ, ಇದು ಯಾವ ಊರಿನ ಬ್ಯಾಂಡ್‌ಸೆಟ್ಟು ಎಂದು ಹೇಳಿಬಿಡುತ್ತಿದ್ದೆ. ಮಾರ್ಕ್ಸ್ ಕಾರ್ಡಿನಲ್ಲಿ ಅದಕ್ಕೊಂದು ಸಬ್ಜೆಕ್ಟ್ ಇದ್ದಿದ್ದರೆ ನಾನು ತಾಲ್ಲೂಕಿಗೇ ಮೊದಲು.

ಅವುಗಳಲ್ಲೆಲ್ಲ ದೊಡ್ಡ ಹೆಸರು ಈ ಮೇಷ್ಟ್ರ ಸೆಟ್ಟಿನದು. ಹನ್ನೆರಡು ಜನ, ಮೆರೂನ್ ಬಣ್ಣದ ಕೋಟು, ಭುಜದ ಮೇಲೆ ಜರಿ ಪಟ್ಟಿ. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನಲ್ಲಿ ಉಳ್ಳವರು ಮೊದಲು ಇವರ ದಿನ ಕೇಳಿಕೊಂಡು ಆಮೇಲೆ ಮಂಟಪ ಬುಕ್ ಮಾಡುತ್ತಿದ್ದರು. ಮೇಷ್ಟ್ರದು ಕ್ಲಾರಿನೆಟ್. ಊಟವೆಲ್ಲ ಮುಗಿದು, ಹೆಣ್ಣನ್ನು ಗಂಡಿನ ಮನೆಯವರಿಗೆ ಒಪ್ಪಿಸುವ ಹೊತ್ತಿಗೆ ಅವರು ಒಂದು ಧಾಟಿ ನುಡಿಸುತ್ತಿದ್ದರು. ಸಿನಿಮಾ ಹಾಡಲ್ಲ, ಅದಕ್ಕೆ ಮಾತೇ ಇಲ್ಲ. ಎಲ್ಲರೂ ಕೂಡಿ ಶುರು ಮಾಡುವರು. ನಡುವೆ ಒಂದು ಕಡೆ ಡ್ರಮ್ಮು, ಟ್ರಂಪೆಟ್ಟು ಎಲ್ಲ ನಿಂತುಹೋಗಿ, ಕ್ಲಾರಿನೆಟ್ ಒಂದೇ ಕೆಳಕ್ಕೆ ಇಳಿದು, ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ತಿರುಗಿ ಮೇಲಕ್ಕೆ ಬರುತ್ತಿತ್ತು. ಆ ತಿರುವಿನಲ್ಲಿ ಮಂಟಪದ ತುಂಬ ಮೂಗು ಒರೆಸಿಕೊಳ್ಳುವ ಸದ್ದು. ಕಿಟಕಿಯ ಈಚೆ ಪಾತ್ರೆ ತೊಳೆಯುತ್ತಿದ್ದ ನನ್ನದೂ. ಯಾರ ಮನೆ ಹೆಣ್ಣೋ, ಯಾರಿಗೆ ಒಪ್ಪಿಸುತ್ತಿದ್ದರೋ... ಅಳು ಮಾತ್ರ ನನಗೆ.

ಇಷ್ಟೆಲ್ಲ ಕೇಳಿದವಳ ಮದುವೆಗೆ ಬ್ಯಾಂಡೇ ಇರಲಿಲ್ಲ. ಅಪ್ಪ ಬೇಡವೆಂದರು. ಅವರು ಜೋರು ಮಾತಿನವರಲ್ಲ. ಸರ್ಕಾರಿ ಕೆಲಸ, ಇಸ್ತ್ರಿ ಮಾಡಿದ ಅಂಗಿ, ಬೆಳಗ್ಗೆ ಬುದ್ಧವಂದನೆ, ಇಷ್ಟು ಅವರ ಬದುಕು. "ನಿಮ್ಮ ತಾತ ಕಂಡೋರ ಮನೆ ಬಾಗಿಲಾಚೆ ನಿಂತು ತಮಟೆ ಬಡಿದದ್ದು ಸಾಕು ಕಣವ್ವ. ನಮ್ಮನೆ ಬಾಗಿಲಲ್ಲಿ ಇನ್ನೊಬ್ಬರು ಬಂದು ನಿಂತು ಬಡಿಯೋದು ನಂಗೆ ನೋಡಕ್ಕಾಗಲ್ಲ" ಎಂದರು. ಬುದ್ಧನ ಮುಂದೆ ತ್ರಿಶರಣ ಹೇಳಿ, ಹಾರ ಹಾಕಿಕೊಂಡು, ಲಾಡು ಮಿಕ್ಸ್ಚರ್ ತಿಂದು ಒಂದೇ ಗಂಟೆಯಲ್ಲಿ ಮದುವೆ ಮುಗಿಯಿತು. ಅಪ್ಪ ಹೇಳಿದ್ದು ಸರಿ ಎಂದು ತಲೆಗೆ ಗೊತ್ತಿತ್ತು. ಆದರೂ ಗಂಡನ ಮನೆಗೆ ಹೊರಟಾಗ, ಅಯ್ಯೋ, ನನಗೊಬ್ಬಳಿಗೆ ಆ ಧಾಟಿ ಇಲ್ಲದೇ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ, ವರ್ಷಗಟ್ಟಲೆ ಉರಿಯಿತು.

ಆಮೇಲೊಂದು ಭಾನುವಾರ ನಮ್ಮೆಜಮಾನರು ಮೊಬೈಲಿನಲ್ಲಿ ಏನೋ ನೋಡುತ್ತ ನಗತೊಡಗಿದರು. ಯಾವುದೋ ದೇಶದ ಪ್ರಸಿದ್ಧ ಬ್ಯಾಂಡಿನವರು ಹುಟ್ಟಿದ ಊರಿಗೆ ಜನ ವಿಮಾನ ಹತ್ತಿ ಹೋಗುತ್ತಾರಂತೆ. ಅವರು ಆಡಿದ ಬೀದಿ, ಟೀ ಕುಡಿದ ಅಂಗಡಿ ನೋಡಿಕೊಂಡು, ಮನೆ ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರಂತೆ. "ಮಾಡಕ್ ಬೇರೆ ಕೆಲ್ಸ ಇಲ್ಲ" ಎಂದರು. ನನಗೆ ತಟ್ಟನೆ ಹೊಳೆಯಿತು. "ರೀ, ನಮಗೆ ವಿಮಾನ ಬೇಡ. ನರಸೀಪುರದ ಬಸ್ಸು ಸಾಕು" ಎಂದೆ.

ಅವರನ್ನು ಒಪ್ಪಿಸಲು ವಾರ ಹಿಡಿಯಿತು. "ಆ ತಾಲ್ಲೂಕಿಗೆ ಜನ ಸೋಮನಾಥಪುರದ ದೇವಸ್ಥಾನ ನೋಡಕ್ಕೆ ಬರ್ತಾರೆ. ನೀನು ಬ್ಯಾಂಡ್‌ಸೆಟ್ಟಿನೋರ ಮನೆ ನೋಡ್ತೀನಿ ಅಂತೀಯಲ್ಲ" ಎಂದು ರೇಗಿಸಿದರು. ಕೊನೆಗೆ, ಬರುವಾಗ ಸೋಮನಾಥಪುರಕ್ಕೂ ಹೋಗುವುದು ಎಂಬ ಕರಾರಿನ ಮೇಲೆ ಹೊರಟರು. ದಿನ ಗೊತ್ತು ಮಾಡಿದವಳು ನಾನೇ. ಲಗ್ನದ ದಿನಗಳಲ್ಲಿ ಅವರು ಊರಲ್ಲಿರುವುದಿಲ್ಲ, ಆಷಾಢದಲ್ಲಿ ಮದುವೆಯಿಲ್ಲ, ಹನ್ನೆರಡು ಜನವೂ ಬಿಡುವಾಗಿ ಸಿಗುತ್ತಾರೆ, ಕೂರಿಸಿ ಬೇಕಾದ್ದೆಲ್ಲ ನುಡಿಸಿಕೊಳ್ಳಬಹುದು. ಎಂಥಾ ಬುದ್ಧಿವಂತಿಕೆ!

ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆಟೋದವನಿಗೆ ಊರು ಹೇಳಿದೆವು. "ಬ್ಯಾಂಡ್ನೋರ್ ಊರ್ಗಾ? ಮದ್ವೆ ಬುಕ್ ಮಾಡಕ್ಕಾ?" ಎಂದ. ಸುಮ್ಮನೆ ನೋಡಿಕೊಂಡು, ಕೇಳಿಕೊಂಡು ಬರಲು ಎಂದೆ. ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ಕೇಳಕ್ಕಾ? ಆಷಾಡ್ದಲ್ಲಾ? ಓಗಿ ನೋಡ್ಕ ಬನ್ನಿ ಅಕ್ಕಾ" ಎಂದು ಊರು ಬರುವವರೆಗೂ ಒಬ್ಬನೇ ನಗುತ್ತಿದ್ದ.

ಯಾಕೆಂದು ಅಂಗಳಕ್ಕೆ ಕಾಲಿಟ್ಟ ಮೇಲೆ ತಿಳಿಯಿತು. ಬ್ಯಾಂಡ್ ಇತ್ತು, ಆದರೆ ಹಂಡೆಯೊಳಗೆ. ಟ್ರಂಪೆಟ್ಟಿನ ಕೊಳವೆ ಒಂದು ಕಡೆ, ಬಾಯಿ ಇನ್ನೊಂದು ಕಡೆ, ದೊಡ್ಡ ಕಹಳೆಯಂಥ ಯುಫೋನಿಯಂ ಬಿಚ್ಚಿ ಮೂರು ತುಂಡು, ಎಲ್ಲವೂ ಹುಣಸೆ ನೀರಿನಲ್ಲಿ ನೆನೆಯುತ್ತಿದ್ದವು. ವರ್ಷವೆಲ್ಲ ಬೆವರು, ಎಂಜಲು, ಧೂಳು ಕುಡಿದ ಹಿತ್ತಾಳೆಯನ್ನು ಅವರು ತೊಳೆಯುವುದು ಆಷಾಢದಲ್ಲಿ ಮಾತ್ರ. ಆ ಒಂದು ತಿಂಗಳು ಊರಿನಲ್ಲಿ ಒಂದು ಪೀಪಿಯ ಸದ್ದೂ ಇರುವುದಿಲ್ಲವಂತೆ. ಹಗ್ಗದ ಮೇಲೆ ಹನ್ನೆರಡು ಮೆರೂನ್ ಕೋಟು ಸಾಲಾಗಿ ಒಣಗುತ್ತಿದ್ದವು. ಅವುಗಳ ಕೆಳಗೆ ಬನಿಯನ್ನು, ಪಟ್ಟಾಪಟ್ಟಿ ಚಡ್ಡಿಯಲ್ಲಿ ಕೂತು ತಿಕ್ಕುತ್ತಿದ್ದವರಲ್ಲಿ ಮೇಷ್ಟ್ರು ಯಾರೆಂದೇ ನನಗೆ ಗುರುತು ಹತ್ತಲಿಲ್ಲ. ಕೋಟಿಲ್ಲದೆ ನಾನು ಅವರನ್ನು ಯಾವತ್ತು ನೋಡಿದ್ದೆ?

"ನಂಜನಗೂಡಿಂದ ನಿಮ್ಮ ಬ್ಯಾಂಡ್ ನೋಡಕ್ಕೆ ಬಂದಿದೀವಿ" ಎಂದೆ. ಒಬ್ಬರು ಎದ್ದವರೇ, ಓಡಿಹೋಗಿ, ಹಗ್ಗದ ಮೇಲಿನ ಒದ್ದೆ ಕೋಟು ಎಳೆದುಕೊಂಡು ಪಟ್ಟಾಪಟ್ಟಿ ಚಡ್ಡಿಯ ಮೇಲೆಯೇ ತೊಟ್ಟು, ಗುಂಡಿ ಹಾಕಿಕೊಳ್ಳುತ್ತ ಬಂದು ಕೈ ಮುಗಿದರು. ನೀರು ತೊಟ್ಟಿಕ್ಕುತ್ತಿತ್ತು. ಎಡಗೆನ್ನೆ ಉಬ್ಬಿತ್ತು. ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ತೆಳ್ಳನೆ ದಬ್ಬೆ ಚೂರು, ಆ ರೀಡು, ಒಣಗಬಾರದೆಂದು ಅವರು ಅದನ್ನು ಎಲೆಯಡಿಕೆಯ ಹಾಗೆ ಕೆನ್ನೆಯೊಳಗೇ ಇಟ್ಟುಕೊಂಡಿರುತ್ತಿದ್ದರು. ಅವರೇ ನಮ್ಮ ಮೇಷ್ಟ್ರು.

ಅವರ ಹೆಂಡತಿ ಮಾತ್ರ ನಮ್ಮನ್ನು ನೋಡಿ ಬೆರಗಾಗಲಿಲ್ಲ. ಕಾಫಿ ಕೊಟ್ಟು, ಲೋಟ ಕೆಳಗಿಡುವ ಮೊದಲೇ ನನ್ನ ಅಂಗೈಗೆ ಒಂದು ಉಂಡೆ ಹುಣಸೆಹಣ್ಣು ಇಟ್ಟರು. "ಸುಮ್ಕೆ ಕುಂತ್ರೆ ಬೇಜಾರಾಯ್ತದೆ, ತಕ್ಕಳವ್ವ" ಎಂದರು. ನಾನು ಯುಫೋನಿಯಂನ ದೊಡ್ಡ ಬಾಯಿ ಹಿಡಿದೆ. ಯಜಮಾನರ ಪಾಲಿಗೆ ಡ್ರಮ್ಮಿನ ತಿರುಪುಗಳು ಬಂದವು. ಪ್ರವಾಸಕ್ಕೆಂದು ಇಸ್ತ್ರಿ ಮಾಡಿಸಿದ್ದ ಪ್ಯಾಂಟು ಮೊಣಕಾಲವರೆಗೆ ಮಡಚಿಕೊಂಡು ಅವರು ನನ್ನ ಕಡೆ ಒಂದು ನೋಟ ನೋಡಿದರು. ಆ ನೋಟ ಇವತ್ತಿಗೂ ಮರೆತಿಲ್ಲ.

ಮಧ್ಯಾಹ್ನದವರೆಗೆ ತಿಕ್ಕಿದೆವು. ಕಪ್ಪಿಟ್ಟ ಹಿತ್ತಾಳೆ ಬೆರಳಿನ ಕೆಳಗೆ ಹೊಳೆಯುತ್ತ ಬಂದಾಗ ಆಗುವ ಖುಷಿಯೇ ಬೇರೆ. ಮುದ್ದೆ, ಉಪ್ಸಾರು ಉಂಡ ಮೇಲೆ ಧೈರ್ಯ ಮಾಡಿ ಕೇಳಿದೆ. ಮೇಷ್ಟ್ರೇ, ಕ್ಲಾರಿನೆಟ್ ಒಂದಾದರೂ ಹಂಡೆಯ ಹೊರಗಿದೆಯಲ್ಲ, ಹೆಣ್ಣು ಒಪ್ಪಿಸುವ ಧಾಟಿ ಒಂದು ಸಲ ನುಡಿಸಿ, ಅದಕ್ಕೇ ಬಂದದ್ದು ಎಂದೆ.

ಅವರು ರೀಡು ತೆಗೆದು ಅಂಗೈಯಲ್ಲಿಟ್ಟುಕೊಂಡರು. "ಬ್ಯಾರೆ ಏನಾರ ಕೇಳು ಮಗಾ, ಆಷಾಡ ಆದ್ರೂ ನುಡುಸ್ತೀನಿ. ಅದೊಂದ್ ಮಾತ್ರ ಸುಮ್ಸುಮ್ಕೆ ನುಡ್ಸಂಗಿಲ್ಲ. ಎಣ್ಣು ಒರ್ಟ್ರೆ ಮಾತ್ರ ಅದು. ಮನೇಲಿ ಪ್ರಾಕ್ಟೀಸೂ ಮಾಡಂಗಿಲ್ಲ. ನಾನೂ ಮದ್ವೆ ಮನೇಲಿ ನಿಂತ್ಕಂಡೇ ಕಲ್ತದ್ದು, ನನ್ ಮಗನೂ ಅಂಗೇ ಕಲೀಬೇಕು."

ನನ್ನ ಮುಖ ಸಪ್ಪಗಾಯಿತು. ಅದು ಅವರಿಗೆ ಕಂಡಿತು. "ನಿನ್ ಮದ್ವೇಲಿ ಯಾವ್ ಸೆಟ್ಟು ನುಡಿಸ್ತು?" ಎಂದು ಕೇಳಿದರು. ಇಲ್ಲ ಎಂದೆ. ಅಪ್ಪ ಹೇಳಿದ ಮಾತನ್ನೂ ಹೇಳಿದೆ. ಹೇಳಬಾರದಿತ್ತೇನೋ, ಇವರ ಹೊಟ್ಟೆಪಾಡೇ ಅದಲ್ಲವೇ ಎಂದು ಆಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರಿಗೇನೂ ಸಿಟ್ಟು ಬರಲಿಲ್ಲ. "ನಿಮ್ಮಪ್ಪಾರು ಸರ್ಯಾಗೇ ಏಳವ್ರೆ" ಎಂದರು. "ನಮ್ಮಪ್ಪಂದೂ ತಮಟೆನೇ. ಬಾಗ್ಲಾಚೆ ನಿಂತು ಬಡ್ದು, ಎಲ್ಲಾರ್ದೂ ಆದ್ಮೇಲೆ ಉಂಡು ಬರೋನು. ಅದ್ಕೇ ನಾನು ಯಾರಾದ್ರೂ ಕರ್ಯಕ್ ಬಂದ್ರೆ ಮೊದ್ಲು ಕೇಳೋದು ಕುರ್ಚಿ. ಅನ್ನೆಲ್ಡು ಕುರ್ಚಿ ಆಕುದ್ರೆ ನುಡುಸ್ತೀವಿ. ಮೊದಲ್ನೇ ಪಂಕ್ತೀಲಿ ಎಲೆ ಆಕುದ್ರೆ ಉಣ್ತೀವಿ. ಇಲ್ದಿದ್ರೆ ಬ್ಯಾರೆ ಸೆಟ್ಟು ನೋಡ್ಕಳಿ ಸಾ ಅಂತೀನಿ." ಆಗ ನನಗೆ ಮಂಟಪದ ಅಂಗಳ ಕಣ್ಣಿಗೆ ಬಂತು. ಹೌದು, ಇವರು ಬಂದ ದಿನ ಮಾತ್ರ ಅಲ್ಲಿ ಸಾಲಾಗಿ ಕುರ್ಚಿಗಳಿರುತ್ತಿದ್ದವು. ಅಷ್ಟು ವರ್ಷ ಕಿಟಕಿಯಲ್ಲಿ ನಿಂತು ಕೇಳಿದ್ದೆ, ಇದನ್ನು ನೋಡಿರಲಿಲ್ಲ.

ಸಂಜೆ ಹೊರಡಲು ಎದ್ದೆವು. ಸೋಮನಾಥಪುರದ ಬಾಗಿಲು ಅಷ್ಟು ಹೊತ್ತಿಗೆ ಹಾಕಿಯೇ ಇರುತ್ತದೆ ಎಂದು ಯಜಮಾನರು ಗೊಣಗುತ್ತ ಪ್ಯಾಂಟು ಇಳಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಒಳಗಿನಿಂದ ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆಯಡಿಕೆ, ಒಂದು ಡಜನ್ ಹಸಿರು ಬಳೆ ಇಟ್ಟುಕೊಂಡು ಬಂದರು. "ಸೆರಗೊಡ್ಡವ್ವ, ಮಡ್ಲು ತುಂಬ್ತೀನಿ" ಎಂದರು. ಯಾಕೆ ಎಂದೆ. "ಆಷಾಡ್ದಲ್ಲಿ ತವ್ರಿಗೆ ಬರೋರು ಯಾರು? ಎಣ್ಮಕ್ಕಳು ತಾನೆ? ಬಂದೆ, ಕೆಲ್ಸ ಮಾಡ್ದೆ, ಉಂಡೆ. ಈಗ ಒರ್ಟಿದ್ದೀಯ. ಬರೀ ಮಡ್ಲಲ್ಲಿ ಕಳ್ಸಕ್ಕಾಯ್ತದಾ?"

ನಾನು ಸೆರಗೊಡ್ಡಿದೆ. ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು, ಅದೇ ಒದ್ದೆ ಕೋಟು, ಈಗ ಅರೆಬರೆ ಒಣಗಿತ್ತು. ಕೈಯಲ್ಲಿ ಕ್ಲಾರಿನೆಟ್. ಅಂಗಳದವರನ್ನೆಲ್ಲ ನೋಡಿ, "ಲೇ, ನಮ್ಮನೆ ಎಣ್ಣು ಒರ್ಟವ್ಳೆ ಕಣ್ರಲಾ" ಎಂದರು. ಅಷ್ಟೇ ಹೇಳಿದ್ದು. ಆಮೇಲೆ ನುಡಿಸಿದರು. ವಾದ್ಯಗಳೆಲ್ಲ ಬಿಚ್ಚಿ ಬಿದ್ದಿದ್ದವಲ್ಲ, ಡ್ರಮ್ಮಿನವರು ಖಾಲಿ ಹಂಡೆ ಬೋರಲು ಹಾಕಿ ಅದರ ಮೇಲೆ ಬಡಿದರು. ಆ ತಿರುವಿಗೆ ಬಂದಾಗ ಅವರೂ ನಿಂತರು. ಕ್ಲಾರಿನೆಟ್ ಒಂದೇ ಕೆಳಗಿಳಿಯಿತು... ಮಡಿಲಿನ ಅಕ್ಕಿ ಹಿಡಿದುಕೊಂಡು ನಾನು ಹೋ ಎಂದು ಅತ್ತೆ. ತಿರುಗಿ ನೋಡಿದರೆ ನಮ್ಮೆಜಮಾನರೂ ಅಳುತ್ತಿದ್ದಾರೆ! ಕರೆದುಕೊಂಡು ಹೋಗುವವರು ಅವರೇ, ಅವರಿಗೇಕೆ ಅಳು? ಫೋಟೋ ತೆಗೆಯಲೆಂದು ತಂದಿದ್ದ ಮೊಬೈಲು ಇಬ್ಬರಿಗೂ ನೆನಪಾಗಲಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮೇಷ್ಟ್ರು ಅಂದುಕೊಂಡಿರಲಿಲ್ಲ. ಗೌರಿ ಹಬ್ಬದ ಹಿಂದಿನ ದಿನ ಬೆಳಗ್ಗೆ ನಮ್ಮ ಮನೆಯ ಬಾಗಿಲಲ್ಲಿ ಒಂದು ಚೀಲ ಹಿಡಿದು ನಿಂತಿದ್ದರು. ಚೀಲದಲ್ಲಿ ಸೀರೆ, ಬಳೆ, ಎಳ್ಳು ಬೆಲ್ಲದ ಚಿಗಳಿ ಉಂಡೆ. ಅವತ್ತು ಅಪ್ಪನೂ ನಮ್ಮ ಮನೆಗೆ ಬಂದು ಪೇಪರು ಓದುತ್ತ ಕೂತಿದ್ದರು. "ತಾವು ಯಾರು?" ಎಂದರು. "ನಾನು ಈ ಎಣ್ಮಗಳ ತವ್ರಿನೋನು ಸಾ" ಎಂದರು ಮೇಷ್ಟ್ರು. ಅಪ್ಪ ಕನ್ನಡಕ ತೆಗೆದರು. "ಹಾಗಾದ್ರೆ ನಾನ್ಯಾರು?"

ನಾನು ನಡುವೆ ಬಿದ್ದು ಎಲ್ಲ ಹೇಳಿದೆ. ಅಪ್ಪ ಸ್ವಲ್ಪ ಬಿಗಿಯಾಗಿಯೇ, "ನಮ್ಮಲ್ಲಿ ಗೌರಿ ಹಬ್ಬ ಮಾಡಲ್ಲ" ಎಂದರು. "ಅಬ್ಬ ಮಾಡ್ದೆ ಇದ್ರೆ ಬುಡಿ ಸಾ. ಮಗಳಿರೋದು ಸುಳ್ಳಾ? ಆ ಧಾಟಿ ನುಡಿಸಿ ಕಳ್ಸುದ್ಮೇಲೆ ಒಸಿ ಬಂದು ನೋಡ್ಕ ಓಗ್ಬ್ಯಾಡ್ವಾ?" ಎಂದರು ಮೇಷ್ಟ್ರು. ಅಪ್ಪ ಎದ್ದು, ತಾವು ಕೂತಿದ್ದ ಕುರ್ಚಿಯನ್ನೇ ಅವರ ಕಡೆ ಎಳೆದರು. ಕುರ್ಚಿಯ ಕಥೆ ನಾನು ಅಪ್ಪನಿಗೆ ಹೇಳಿರಲೇ ಇಲ್ಲ. ಮೇಷ್ಟ್ರು ಒಂದು ಸಲ ಕುರ್ಚಿ ನೋಡಿದರು, ಒಂದು ಸಲ ಅಪ್ಪನನ್ನು ನೋಡಿದರು, ಆಮೇಲೆ ಕೂತರು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ತಮ್ಮ ತಮ್ಮ ಅಪ್ಪಂದಿರ ತಮಟೆಯ ವಿಷಯ ಮಾತಾಡುತ್ತ ನನ್ನನ್ನು ಪೂರ್ತಿ ಮರೆತಿದ್ದರು.

ಆಮೇಲೆ ಪ್ರತಿ ವರ್ಷ ಅವರು ಬಂದರು, ಪ್ರತಿ ಆಷಾಢ ನಾವು ಹೋದೆವು. ನಂಜನಗೂಡಿನಲ್ಲಿ ಮದುವೆಗೆ ನುಡಿಸಲು ಬಂದರಂತೂ ಕೇಳುವುದೇ ಬೇಡ. ಗಂಡಿನ ಮೆರವಣಿಗೆ ನಮ್ಮ ಬೀದಿಗೆ ಬಂದರೆ ಇಡೀ ಸೆಟ್ಟು ನಮ್ಮ ಮನೆ ಮುಂದೆ ಗಕ್ಕನೆ ನಿಂತು ಎರಡು ಹಾಡು ನುಡಿಸುತ್ತಿತ್ತು. ಒಂದು ಸಲ ಕಾರಿನೊಳಗಿದ್ದ ಮದುಮಗ ಬಾಸಿಂಗದ ಸಮೇತ ತಲೆ ಹೊರಗೆ ಹಾಕಿ, "ಮದುವೆ ನಂದೋ ಈಯಮ್ಮಂದೋ?" ಎಂದು ರೇಗಿದ. ಮೇಷ್ಟ್ರು ಊದುತ್ತಲೇ ಕೈಯಾಡಿಸಿ ಸಮಾಧಾನ ಮಾಡಿದರು. ನಾನು ಬಾಗಿಲಲ್ಲಿ ನಿಂತು ಬೀಗಿದ್ದೇ ಬೀಗಿದ್ದು.

ಎರಡು ವರ್ಷದ ಹಿಂದೆ ಅವರು ಹೋಗಿಬಿಟ್ಟರು. ಒಂದು ಮದುವೆ ಮುಗಿಸಿ ಬಂದು ಮಲಗಿದವರು ಏಳಲಿಲ್ಲ. ಅವರ ಮಗ ಫೋನು ಮಾಡಿ, "ಬಾಕ್ಕಾ, ಎಣ್ಮಕ್ಕಳು ಬರೋಗಂಟ ಎತ್ತಂಗಿಲ್ಲ" ಎಂದ. ಅಪ್ಪನೂ ನನ್ನ ಜೊತೆ ಬಂದರು, ಮಣ್ಣು ಹಾಕಿದರು. ಆ ವರ್ಷದ ಗೌರಿಗೆ ಇನ್ನು ಯಾರು ಬರುತ್ತಾರೆ ಎಂದು ನಾನು ಬಾಗಿಲ ಕಡೆ ನೋಡಬಾರದೆಂದೇ ಹಿತ್ತಲಲ್ಲಿ ಕೆಲಸ ಹಚ್ಚಿಕೊಂಡಿದ್ದೆ. ಅದೇ ಚೀಲ ಹಿಡಿದು ಮಗ ಬಂದ.

ಆ ಮಗನೇ ಹೋದ ವಾರ ಫೋನು ಮಾಡಿದ್ದು. ಅವನೂ ಕ್ಲಾರಿನೆಟ್ ಚೆನ್ನಾಗಿ ನುಡಿಸುತ್ತಾನೆ, ಆದರೆ ಮೇಷ್ಟ್ರು ಹೋದಮೇಲೆ ಆ ಧಾಟಿಯೊಂದನ್ನು ಮುಟ್ಟಿರಲಿಲ್ಲ. ಶ್ರಾವಣದಲ್ಲಿ ಚಿಕ್ಕಯ್ಯನಛತ್ರ ಊರಿನವರದೊಂದು ಮದುವೆ ಇದೆಯಂತೆ. ಹೆಣ್ಣಿನ ಕಡೆಯವರು, ನಿಮ್ಮಪ್ಪನ ಒಪ್ಪಿಸೋ ಧಾಟಿ ನುಡಿಸಿದರೆ ಮಾತ್ರ ಬನ್ನಿ ಅಂದಿದ್ದಾರಂತೆ. "ಅಕ್ಕಾ, ಮನ್ಸಲ್ಲೇ ನುಡುಸ್ಕಂಡ್ರೆ ಎಲ್ಲಾ ಬತ್ತದೆ. ನಡುವಿನ ಆ ತಿರುವು ಮಾತ್ರ ಸಿಕ್ತಾ ಇಲ್ಲ. ನಮ್ ಸೆಟ್ನೋರ್ಗೆಲ್ಲ ಅವ್ರವ್ರ ಪಾಲಿಂದು ಗೊತ್ತು, ಅಲ್ಲಿ ಅವ್ರೆಲ್ಲ ನಿಲ್ಲಿಸ್ಬುಡ್ತಿದ್ರು. ಅಪ್ಪ ಒಬ್ರೇ. ನಾನು ಡೋಲು ಕಟ್ಕಂಡು ನಿಂತಿದ್ದೆ, ಸರಿಯಾಗಿ ಕಿವಿಗೊಡ್ನಿಲ್ಲ" ಎಂದ. "ನೀನು ಕಿಟ್ಕೀಲಿ ಕೇಳಿದ್ದೀಯಲ್ಲಕ್ಕಾ. ನಿಂಗೆ ಗೊತ್ತಾ?"

ಗೊತ್ತಾ ಅಂತೆ! ನಿದ್ದೆಯಲ್ಲಿ ಎಬ್ಬಿಸಿದರೂ ಗೊತ್ತು. ಕೇಳಿಸ್ಕೋ ಎಂದು ಫೋನಿನಲ್ಲೇ ಗುನುಗಲು ಬಾಯಿ ತೆರೆದವಳು ನಿಲ್ಲಿಸಿಬಿಟ್ಟೆ. ಹೆಣ್ಣು ಹೊರಟರೆ ಮಾತ್ರ ಅದು. ಯಾಕೆ ನಿಲ್ಲಿಸಿದೆ ಎಂದು ಅವನಿಗೂ ತಿಳಿಯಿತು. ಆಮೇಲೆ ಅವನೇ, "ಬಾಕ್ಕಾ ಅಂಗಾರೆ. ಇನ್ನೂ ಆಷಾಡ. ಬಂದು... ಓಗುವಾಗ ಏಳ್ಕೊಟ್ಬುಡು" ಎಂದ.

ಭಾನುವಾರ ಹೋದೆವು. ಹಂಡೆ, ಹುಣಸೆ, ಹಗ್ಗದ ಮೇಲೆ ಹನ್ನೊಂದು ಕೋಟು. ಮಧ್ಯಾಹ್ನದವರೆಗೆ ತಿಕ್ಕಿದೆ. ಸಂಜೆ ಅಮ್ಮ ಮಡಿಲು ತುಂಬಿದರು. ಮೇಷ್ಟ್ರ ಹೆಂಡತಿಯನ್ನು ಈಗ ನಾನು ಅಮ್ಮ ಎಂದೇ ಕರೆಯುವುದು. ಹೊಸಿಲು ದಾಟುತ್ತ, ಅಕ್ಕಿ ಹಿಡಿದುಕೊಂಡು ಆ ತಿರುವನ್ನು ಗುನುಗಿದೆ. ಮಗ ಹಿಂದೆಯೇ ನುಡಿಸಿದ. ಧಾಟಿ ಕೆಳಗಿಳಿಯಿತು, ಮೇಲೆ ಬರುವಾಗ ತಪ್ಪಿದ. ನಾನು ಅಷ್ಟು ಹೊತ್ತಿಗೆ ಆಟೋ ಹತ್ತಿರ ಹೋಗಿಬಿಟ್ಟಿದ್ದೆ. "ಅಕ್ಕಾ, ವಾಪಸ್ ಬಾಕ್ಕಾ!" ಎಂದು ಕೂಗಿದ. ಒಳಗೆ ಹೋಗಿ ಕಾಫಿ ಕುಡಿದು ಮತ್ತೆ ಹೊರಟೆ. ಮತ್ತೊಂದು ತೆಂಗಿನಕಾಯಿ ಇರಲಿಲ್ಲ. ಅಮ್ಮ ನನ್ನ ಮಡಿಲಿನದನ್ನೇ ತೆಗೆದುಕೊಂಡು ಮತ್ತೆ ಅದನ್ನೇ ತುಂಬಿದರು. ಎರಡನೇ ಸಲವೂ ಕೂದಲೆಳೆಯಷ್ಟು ತಪ್ಪಿತು. "ಅಕ್ಕಾ, ಬಾಕ್ಕಾ!" ಅಕ್ಕಪಕ್ಕದವರು ಜಗಲಿಗೆ ಬಂದು ಕೂತು ನಗುತ್ತಿದ್ದರು. "ಏನ್ ಸಾ, ಒರಡ್ತೀರಾ ಇಲ್ವಾ?" ಎಂದು ಆಟೋದವನು. "ಸೋಮನಾಥಪುರಕ್ಕಂತೂ ಇಲ್ಲ ಬಿಡಪ್ಪ" ಎಂದರು ಯಜಮಾನರು. ಇಷ್ಟು ವರ್ಷವಾದರೂ ಅವರು ಆ ದೇವಸ್ಥಾನ ನೋಡಿಲ್ಲ.

ಮೂರನೇ ಸಲ ನಾನು ಗುನುಗುವ ಮೊದಲೇ ಅವನು ಶುರು ಮಾಡಿದ. ಎಲ್ಲರೂ ಬಡಿದರು, ಎಲ್ಲರೂ ನಿಂತರು. ಕ್ಲಾರಿನೆಟ್ ಒಂದೇ ಕೆಳಗಿಳಿಯಿತು, ಇಳಿಯಿತು, ತಿರುಗಿತು. ಅದೇ. ಥೇಟ್ ಅದೇ. ನಾನು ಗಕ್ಕನೆ ತಿರುಗಿ ಬಾಗಿಲ ಕಡೆ ನೋಡಿದೆ. ಒದ್ದೆ ಕೋಟು, ಉಬ್ಬಿದ ಕೆನ್ನೆ ಅಲ್ಲಿ ಇದ್ದೇ ಇರುತ್ತದೆ ಅನಿಸಿಬಿಟ್ಟಿತು... ಅಮ್ಮ ಒಬ್ಬರೇ ಖಾಲಿ ಮೊರ ಹಿಡಿದು ನಿಂತಿದ್ದರು. ಅವರೂ ಅದೇ ಜಾಗವನ್ನೇ ನೋಡುತ್ತಿದ್ದರು.

ಆಟೋ ಹತ್ತಿದೆ. ಊರಿನ ತಿರುವಿನವರೆಗೂ ಕಿವಿ ಹಿಂದಕ್ಕೇ ಇತ್ತು. ಈ ಸಲ ಯಾರೂ ವಾಪಸ್ ಕರೆಯಲಿಲ್ಲ.